ಡಬಲ್ ಸ್ಟ್ರೋಕ್ ಆದ ಮರುದಿನ: ಕಾರ್ಖಾನೆಯ ಸುರಕ್ಷತಾ ವ್ಯವಸ್ಥೆ ಕುರಿತು ಓದುಗರ ಪ್ರಶ್ನೆಗಳು

ಮಾರ್ಚ್ 4ರ ರಾಷ್ಟ್ರೀಯ ಸುರಕ್ಷತಾ ದಿನ ಕಳೆದ ಮೇಲೆ ಈ ಅಂಕಣಕ್ಕೆ ಬರುವ ಪತ್ರಗಳ ಧಾಟಿ ಪ್ರತಿ ವರ್ಷವೂ ಬದಲಾಗುತ್ತದೆ. ಗೇಟಿಗೆ ಕಟ್ಟಿದ ಬ್ಯಾನರು ಇಳಿದು, ಪ್ರತಿಜ್ಞೆ ಓದಿ, ಬ್ಯಾಡ್ಜು ಹಂಚಿ ಆದ ಬಳಿಕ ನಿಜವಾದ ತೊಡಕು ಇರುವವರು ಪೆನ್ನು ಹಿಡಿಯುತ್ತಾರೆ. ಈ ಸಲ ಬಂದ ಪತ್ರಗಳಲ್ಲಿ ಏಳನ್ನು ಆರಿಸಿಕೊಂಡಿದ್ದೇನೆ. ಬರೆದವರ ಕೋರಿಕೆಯಂತೆ ಅವರ ಹೆಸರನ್ನೂ ಕಾರ್ಖಾನೆಯ ಗುರುತನ್ನೂ ಬಿಟ್ಟಿದ್ದೇನೆ.

ಪ್ರಶ್ನೆ: ಪೀಣ್ಯದಲ್ಲಿ ನನ್ನದೊಂದು ಪ್ರೆಸ್ ಶಾಪ್ ಇದೆ, ತಗಡು ಒತ್ತಿ ಬಿಡಿಭಾಗ ಮಾಡುವ 9 ಪವರ್ ಪ್ರೆಸ್, 42 ಕೆಲಸಗಾರರು. ನಾವು ಬಿಡಿಭಾಗ ಪೂರೈಸುವ ದೊಡ್ಡ ಕಂಪನಿಯವರು ‘ಸುರಕ್ಷತಾ ನಿರ್ವಹಣಾ ವ್ಯವಸ್ಥೆ’ ಇದ್ದರೆ ಮಾತ್ರ ಮುಂದಿನ ವರ್ಷದ ಆರ್ಡರ್ ಎಂದಿದ್ದಾರೆ. ಸಲಹೆಗಾರರೊಬ್ಬರು 200 ಪುಟದ ಕಡತ ಮಾಡಿಕೊಟ್ಟರು. ಅದು ಕೈಗೆ ಬಂದ ಮೂರನೇ ವಾರಕ್ಕೆ 4ನೇ ಪ್ರೆಸ್ ಡಬಲ್ ಸ್ಟ್ರೋಕ್ ಆಗಿ, ಅಂದರೆ ಪೆಡಲ್ ಒತ್ತದೆಯೇ ಎರಡನೆಯ ಸಲ ಇಳಿದು, ಒಬ್ಬ ಹುಡುಗನ ತೋರುಬೆರಳಿನ ತುದಿ ಹೋಯಿತು. ಕಡತದಲ್ಲಿ ಏನು ಕಡಿಮೆಯಿತ್ತು? ಇಂಥ ವ್ಯವಸ್ಥೆಯ ಮುಖ್ಯ ಅಂಗಗಳು ಯಾವುವು?

ಉತ್ತರ: ತಾವು ಪತ್ರದೊಂದಿಗೆ ಕಳಿಸಿದ ಪುಟಗಳನ್ನು ಓದಿದೆ. ಕಡತದಲ್ಲಿ ಇರಬೇಕಾದ ತಲೆಬರಹಗಳೆಲ್ಲ ಇವೆ. 4ನೇ ಪ್ರೆಸ್ ಮಾತ್ರ ಎಲ್ಲಿಯೂ ಇಲ್ಲ. ಒಂಬತ್ತೂ ಪ್ರೆಸ್‌ಗಳಿಗೆ ಸೇರಿಸಿ ಒಂದೇ ಸಾಲು ಬರೆದಿದ್ದಾರೆ: ಬೆರಳಿಗೆ ಗಾಯ, ಸಂಭವ 2, ತೀವ್ರತೆ 2, ಗುಣಿಸಿದರೆ 4, ಬಣ್ಣ ಹಸಿರು, ಅಂದರೆ ಅಪಾಯ ಕಡಿಮೆ. ಬೆರಳು ತುಂಡಾಗುವುದಕ್ಕೆ ತೀವ್ರತೆ 2 ಎಂದು ಅಂಕ ಕೊಟ್ಟವರು, ಸಾಲು ಹಸಿರಾಗಬೇಕೆಂದು ಮೊದಲೇ ನಿಶ್ಚಯಿಸಿ ಲೆಕ್ಕವನ್ನು ಹಿಂದಿನಿಂದ ಮುಂದಕ್ಕೆ ಮಾಡಿದ್ದಾರೆಂದು ನನಗೆ ತೋರುತ್ತದೆ.

ಕಂಪನಿಯವರು ಕೇಳುತ್ತಿರುವುದು ಬಹುಮಟ್ಟಿಗೆ ಐಎಸ್‌ಒ 45001 ಎಂಬ ಮಾನದಂಡದ ಚೌಕಟ್ಟನ್ನು. ಇದು 2018ರ ಮಾರ್ಚ್‌ನಲ್ಲಿ ಪ್ರಕಟವಾಗಿ, ಅದಕ್ಕೆ ಮೊದಲು ಬಳಕೆಯಲ್ಲಿದ್ದ ಒಎಚ್‌ಎಸ್‌ಎಎಸ್ 18001ರ ಸ್ಥಾನಕ್ಕೆ ಬಂತು. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2001ರಲ್ಲೇ ಇಂಥದೇ ಮಾರ್ಗಸೂಚಿಯನ್ನು ಹೊರತಂದಿತ್ತು. ಇವೆಲ್ಲದರ ಮೂಳೆಗಟ್ಟು ಒಂದೇ: ಮಾಲೀಕರ ಹೊಣೆ ಮತ್ತು ನೀತಿ, ಕೆಲಸಗಾರರ ಪಾಲುಗಾರಿಕೆ, ಅಪಾಯಗಳನ್ನು ಗುರುತಿಸಿ ತೂಗುವುದು, ಅವನ್ನು ಹತೋಟಿಗೆ ತರುವುದು, ತರಬೇತಿ, ಬದಲಾವಣೆ ಹಾಗೂ ಗುತ್ತಿಗೆಯವರ ಮೇಲೆ ನಿಗಾ, ತುರ್ತು ಸಿದ್ಧತೆ, ಅವಘಡದ ತನಿಖೆ, ಕೊನೆಗೆ ಇದೆಲ್ಲ ನಡೆಯುತ್ತಿದೆಯೇ ಎಂದು ತಪಾಸಣೆ ಮಾಡಿ ಮಾಲೀಕರೇ ಕುಳಿತು ನಡೆಸುವ ಪರಾಮರ್ಶೆ. ಹೀಗೆ ಒಂದೇ ಉಸಿರಿನಲ್ಲಿ ಹೇಳಿದರೆ ಎಲ್ಲವೂ ಸಮ ತೂಕದವೆಂಬ ಭಾವನೆ ಬರುತ್ತದೆ. ನಿಮ್ಮಂಥ ಶಾಪ್‌ನಲ್ಲಿ ಅವು ಸಮವಲ್ಲ. ಆದ್ದರಿಂದ ಕಡತವನ್ನು ಪಕ್ಕಕ್ಕಿಟ್ಟು 4ನೇ ಪ್ರೆಸ್ ಬಳಿಗೆ ಹೋಗೋಣ.

ನಿಮ್ಮ ವಿವರಣೆಯಿಂದ ಅದು ಹಳೆಯ ಮಾದರಿಯ ಕೀ ಕ್ಲಚ್ ಪ್ರೆಸ್ ಎಂದು ತಿಳಿಯುತ್ತದೆ. ಫ್ಲೈವೀಲ್ ಎಂಬ ಭಾರದ ಚಕ್ರ ಸದಾ ತಿರುಗುತ್ತಿರುತ್ತದೆ. ಪೆಡಲ್ ಒತ್ತಿದಾಗ ಕ್ಲಚ್ ಕೀ ಹೋಗಿ ಫ್ಲೈವೀಲ್‌ಗೆ ಕಚ್ಚಿಕೊಂಡು ಕ್ರ್ಯಾಂಕ್ ಒಂದು ಸುತ್ತು ಬರುತ್ತದೆ, ರಾಮ್ (ತಗಡನ್ನು ಒತ್ತುವ ಭಾಗ) ಇಳಿದು ಮೇಲೇರುತ್ತದೆ, ಮೇಲೇರಿದಾಗ ಕೀ ಬಿಡಿಸಿಕೊಂಡು ಬ್ರೇಕು ರಾಮನ್ನು ಹಿಡಿದು ನಿಲ್ಲಿಸುತ್ತದೆ. ಕೀಯ ಅಂಚು ಸವೆದರೆ, ಸ್ಪ್ರಿಂಗು ಸಡಿಲಾದರೆ, ಬ್ರೇಕ್ ಲೈನರಿಗೆ ಎಣ್ಣೆ ತಗಲಿದರೆ, ಪೆಡಲ್ ಮುಟ್ಟದೆಯೇ ರಾಮ್ ಎರಡನೆಯ ಸಲ ಇಳಿಯುತ್ತದೆ. ಆ ಹೊತ್ತಿಗೆ ಹುಡುಗನ ಕೈ ಡೈ (ಅಚ್ಚು) ಮೇಲಿನ ಜಾಬ್, ಅಂದರೆ ಒತ್ತಿದ ತುಂಡನ್ನು, ತೆಗೆಯಲು ಹೋಗಿರುತ್ತದೆ. ಡಬಲ್ ಸ್ಟ್ರೋಕ್ ಹೇಳದೆ ಕೇಳದೆ ಬರುವುದು ಅಪರೂಪ. ಅದಕ್ಕೆ ಮೊದಲು ಕೆಲವು ದಿನ ರಾಮ್ ಮೇಲೆ ನಿಲ್ಲುವಾಗ ಒಂದಿಷ್ಟು ಜಾರುತ್ತದೆ, ಸದ್ದು ಬದಲಾಗುತ್ತದೆ. ಆ ಸದ್ದನ್ನು ಮೊದಲು ಕೇಳುವವನು ಆಪರೇಟರ್. ಅವನು ಅದನ್ನು ಯಾರಿಗೆ ಹೇಳಿದ, ಕೇಳಿದವರು ಏನು ಮಾಡಿದರು, ಪ್ರೆಸ್ ನಿಲ್ಲಿಸುವ ಅಧಿಕಾರ ಆ ಹೊತ್ತಿನಲ್ಲಿ ಯಾರಿಗಿತ್ತು? ನಿಮ್ಮ 200 ಪುಟಗಳು ಉತ್ತರಿಸಬೇಕಾಗಿದ್ದದ್ದು ಈ ಮೂರು ಪ್ರಶ್ನೆಗಳಿಗೆ.

ಅಪಾಯ ಗುರುತಿಸುವುದೆಂದರೆ ಪ್ರತಿ ಪ್ರೆಸ್‌ಗೂ, ಪ್ರತಿ ಡೈಗೂ, ಕೆಲಸದ ಪ್ರತಿ ಹಂತಕ್ಕೂ ಬೇರೆ ಬೇರೆಯಾಗಿ ಬರೆಯುವುದು. ಜಾಬ್ ಇಡುವಾಗಿನ ಅಪಾಯ ಒಂದು. ಡೈ ಸೆಟ್ ಮಾಡುವಾಗಿನದು ಇನ್ನೊಂದು, ಮತ್ತು ಅದು ಹೆಚ್ಚು ಕೆಟ್ಟದ್ದು, ಏಕೆಂದರೆ ಆಗ ಗಾರ್ಡ್ (ಕೈ ಒಳಹೋಗದಂತೆ ತಡೆಯುವ ಕವಚ) ಬಿಚ್ಚಿರುತ್ತಾರೆ. ಸೆಟ್ಟರ್ ಮೋಟಾರು ನಿಲ್ಲಿಸಿದರೂ ಫ್ಲೈವೀಲ್ ಪೂರ್ತಿ ನಿಂತ ಮೇಲೆ, ರಾಮಿನ ಕೆಳಗೆ ಸೇಫ್ಟಿ ಬ್ಲಾಕ್ ಇಟ್ಟ ಮೇಲೆ ಕೈ ಹಾಕಬೇಕೆಂಬ ಸಾಲು ನಿಮ್ಮ ಕಡತದಲ್ಲಿ ಇಲ್ಲ. ಆ ಬ್ಲಾಕ್ ನಿಮ್ಮ ಟೂಲ್ ರೂಮಿನಲ್ಲಿ ಇದೆಯೇ ಎಂದು ಇವತ್ತೇ ನೋಡಿ.

ಇನ್ನು ಹತೋಟಿ. ಘಟನೆಯ ನಂತರ ಎಲ್ಲ ಪ್ರೆಸ್‌ಗೂ ಬೆಳಕಿನ ಪರದೆಯ ಸೆನ್ಸಾರ್ ಹಾಕಿಸುವೆನೆಂದು ಬರೆದಿದ್ದೀರಿ. ದಯವಿಟ್ಟು ಹಣ ಕೊಡುವ ಮೊದಲು ಇದನ್ನು ಓದಿ. ಕೀ ಕ್ಲಚ್ ಒಮ್ಮೆ ಕಚ್ಚಿತೆಂದರೆ ಸುತ್ತು ಮುಗಿಯುವವರೆಗೆ ಬಿಡುವುದಿಲ್ಲ. ಕೈ ಒಳಗಿದೆ ಎಂದು ಸೆನ್ಸಾರ್ ಕಂಡುಕೊಂಡರೂ ರಾಮನ್ನು ನಡುದಾರಿಯಲ್ಲಿ ನಿಲ್ಲಿಸುವ ಸಾಧನ ಆ ಯಂತ್ರದಲ್ಲಿ ಇಲ್ಲ. ಫ್ರಿಕ್ಷನ್ ಕ್ಲಚ್ ಇರುವ ಪ್ರೆಸ್ ಮಾತ್ರ ನಡುವೆ ನಿಲ್ಲಬಲ್ಲದು, ಅಲ್ಲಿ ಸೆನ್ಸಾರಿಗೆ ಅರ್ಥವಿದೆ. ನಿಮ್ಮ ಹಳೆಯ ಪ್ರೆಸ್‌ಗಳಿಗೆ ಬೇಕಾದದ್ದು ಬೆರಳು ತೂರದಷ್ಟು ಕಿರಿದಾದ ಸಂದಿಯ, ಬೋಲ್ಟು ಹಾಕಿ ಕೂರಿಸಿದ ಗಾರ್ಡ್. ಜಾಬ್ ತಾನಾಗಿ ಜಾರಿ ಹೋಗಿ ಕೂರುವಂಥ ಚ್ಯೂಟ್. ಅದು ಆಗದ ಕಡೆ ಕೈ ಬದಲು ಒಳಹೋಗುವ ಇಕ್ಕಳ ಅಥವಾ ಮ್ಯಾಗ್ನೆಟ್. ಇವು ಸೆನ್ಸಾರಿಗಿಂತ ಅಗ್ಗ. ಎರಡು ಕೈಯಲ್ಲೂ ಒತ್ತುವ ಬಟನ್ ಇರುವ ಪ್ರೆಸ್‌ಗಳಲ್ಲಿ ಒಂದು ಬಟನ್ನಿಗೆ ರಬ್ಬರ್ ಕಟ್ಟಿರುವುದನ್ನು ನಾನು ಎಷ್ಟೋ ಕಡೆ ನೋಡಿದ್ದೇನೆ. ಕಟ್ಟಿದವನನ್ನು ಬೈಯುವ ಮೊದಲು ಅವನಿಗೆ ಪೀಸ್ ರೇಟಿನಲ್ಲಿ ಕೂಲಿ ಕೊಡುತ್ತಿರುವವರು ಯಾರೆಂದು ಕೇಳಿಕೊಳ್ಳುವುದು ಒಳ್ಳೆಯದು.

ಬದಲಾವಣೆಯ ನಿಗಾ ಎಂಬ ಅಂಗವನ್ನು ಸಣ್ಣ ಶಾಪ್‌ಗಳು ದೊಡ್ಡವರ ವ್ಯವಹಾರವೆಂದು ಬಿಟ್ಟುಬಿಡುತ್ತವೆ. 1984ರ ಡಿಸೆಂಬರ್ 2ರ ರಾತ್ರಿ ಭೋಪಾಲದಲ್ಲಿ ವಿಷಾನಿಲದ ತೊಟ್ಟಿಯನ್ನು ತಣ್ಣಗಿಡುವ ಘಟಕ ತಿಂಗಳುಗಳಿಂದ ಬಂದ್ ಆಗಿತ್ತು. ಸೋರಿದ ಅನಿಲವನ್ನು ಸುಡಬೇಕಾದ ಗೋಪುರದ ಪೈಪು ದುರಸ್ತಿಗೆಂದು ಬಿಚ್ಚಿಟ್ಟಿತ್ತು. ಒಂದೊಂದನ್ನೂ ಬೇರೆ ಬೇರೆ ದಿನ, ಬೇರೆ ಬೇರೆ ಕಾರಣಕ್ಕೆ ನಿಲ್ಲಿಸಿದ್ದರು. ಒಟ್ಟಿಗೆ ಏನಾಗುತ್ತದೆಂದು ಕೇಳುವ ಹೊಣೆ ಯಾರ ಮೇಲೂ ಇದ್ದಂತೆ ಕಾಣಲಿಲ್ಲ. ಆ ದುರಂತದ ಬಳಿಕವೇ 1987ರಲ್ಲಿ 1948ರ ಕಾರ್ಖಾನೆಗಳ ಕಾಯಿದೆಗೆ ತಿದ್ದುಪಡಿಯಾಗಿ, ಕಾರ್ಖಾನೆಯನ್ನು ನಡೆಸುವವರ ಸಾಮಾನ್ಯ ಕರ್ತವ್ಯವನ್ನು ಹೇಳುವ 7ಎ ಕಲಮೂ ಅಪಾಯಕಾರಿ ಪ್ರಕ್ರಿಯೆಗಳ ಪ್ರತ್ಯೇಕ ಅಧ್ಯಾಯವೂ ಸೇರಿದವು. ನಿಮ್ಮಲ್ಲಿ ಬದಲಾವಣೆ ಎಂದರೆ ಹೊಸ ಡೈ, ಹೊಸ ಹುಡುಗ, ರಾತ್ರಿ ಶಿಫ್ಟು, ಅವಸರದ ಆರ್ಡರು. 4ನೇ ಪ್ರೆಸ್‌ಗೆ ಘಟನೆಯ ಹಿಂದಿನ ದಿನವಷ್ಟೇ ಬೇರೆ ಡೈ ಹಾಕಿದ್ದರು, ಹಳೆಯ ಗಾರ್ಡ್ ಅದಕ್ಕೆ ಹೊಂದಲಿಲ್ಲ ಎಂದು ನಿಮ್ಮ ಪತ್ರದ ಕೊನೆಯಲ್ಲಿ, ಆವರಣ ಚಿಹ್ನೆಯೊಳಗೆ ಬರೆದಿದ್ದೀರಿ. ನನ್ನ ದೃಷ್ಟಿಯಲ್ಲಿ ಪತ್ರದ ಮೊದಲ ಸಾಲು ಅದೇ ಆಗಬೇಕಿತ್ತು.

ನೀತಿಪತ್ರದ ಬಗ್ಗೆ ಹೆಚ್ಚು ಹೇಳಲಾರೆ. ಒಂದು ಪುಟ ಸಾಕು, ನಿಮ್ಮ ಸಹಿ ಇರಲಿ. ಈಗ ಗೇಟಿನ ಬಳಿ ಇಂಗ್ಲಿಷಿನಲ್ಲಿ ತೂಗುಹಾಕಿದ್ದೀರಿ, ಆದರೆ ಕೆಲಸಗಾರರು ಕನ್ನಡ, ಹಿಂದಿ, ಒಡಿಯಾ ಮಾತಾಡುವವರು. ತರಬೇತಿಯೂ ಹಾಗೆಯೇ: ಕಾನ್ಫರೆನ್ಸ್ ಕೋಣೆಯಲ್ಲಿ ತೆರೆಯ ಮೇಲೆ ತೋರಿಸುವ ಎರಡು ಗಂಟೆಗಿಂತ, ಶಿಫ್ಟ್ ಆರಂಭದಲ್ಲಿ ಪ್ರೆಸ್ ಎದುರು ಅವರ ಭಾಷೆಯಲ್ಲಿ ಆಡುವ ಹತ್ತು ನಿಮಿಷದ ಮಾತು ಮೇಲು.

ತುರ್ತು ಸಿದ್ಧತೆಯನ್ನೂ ನಿಮ್ಮ ಅಪಾಯಕ್ಕೆ ತಕ್ಕಂತೆ ಮಾಡಿಕೊಳ್ಳಿ. ಬೆಂಕಿಯ ಅಣಕು ಕವಾಯತು ಬೇಕೇ ಬೇಕು. ಆದರೆ ಪ್ರೆಸ್ ಶಾಪ್‌ನಲ್ಲಿ ಮೊದಲು ಗೊತ್ತಿರಬೇಕಾದದ್ದು ತುಂಡಾದ ಬೆರಳನ್ನು ಏನು ಮಾಡಬೇಕೆಂಬುದು. ಗಾಯಕ್ಕೆ ಶುಭ್ರ ಬಟ್ಟೆ ಒತ್ತಿ ಕೈಯನ್ನು ಮೇಲೆತ್ತಿ ಹಿಡಿಯಬೇಕು. ತುಂಡನ್ನು ಒದ್ದೆ ಮಾಡಿದ ಶುಭ್ರ ಗಾಜ್‌ನಲ್ಲಿ ಸುತ್ತಿ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಬಾಯಿ ಕಟ್ಟಿ, ಆ ಚೀಲವನ್ನು ಐಸ್ ಹಾಕಿದ ನೀರಿನಲ್ಲಿ ಇಡಬೇಕು. ಬೆರಳನ್ನು ನೇರವಾಗಿ ಐಸ್ ಮೇಲೆ ಇಟ್ಟರೆ ಅಂಗಾಂಶ ಕೆಟ್ಟುಹೋಗುತ್ತದೆ. ಬೆರಳು ಮರುಜೋಡಿಸುವ ಶಸ್ತ್ರಚಿಕಿತ್ಸೆ ಹತ್ತಿರದ ಯಾವ ಆಸ್ಪತ್ರೆಯಲ್ಲಿದೆ, ರಾತ್ರಿ 2 ಗಂಟೆಗೆ ಗಾಡಿ ಓಡಿಸುವವರು ಯಾರು ಎಂಬುದು ಗೋಡೆಯ ಮೇಲೆ ಬರೆದಿರಲಿ.

ಕೊನೆಯದಾಗಿ ತನಿಖೆ. ನಿಮ್ಮ ಕಡತದ ಅಪಘಾತ ನಮೂನೆಯಲ್ಲಿ ‘ಕಾರಣ: ಕಾರ್ಮಿಕನ ಅಜಾಗರೂಕತೆ’ ಎಂದು ಅಚ್ಚು ಹಾಕಿಯೇ ಇಟ್ಟಿದ್ದಾರೆ, ತುಂಬುವವರಿಗೆ ಶ್ರಮ ಬೇಡವೆಂದು. ಆ ನಮೂನೆಯನ್ನು ಹರಿದುಹಾಕಿ. ಕೀ ಯಾವಾಗ ಬದಲಿಸಿದ್ದು, ಬ್ರೇಕ್ ಯಾರು ನೋಡಿದ್ದು, ಗಾರ್ಡ್ ಇಲ್ಲದೆ ಪ್ರೆಸ್ ಓಡಿಸಲು ಯಾರು ಹೇಳಿದ್ದು ಎಂದು ಕೇಳುತ್ತಾ ಹೋದರೆ ನಾಲ್ಕನೆಯದೋ ಐದನೆಯದೋ ಪ್ರಶ್ನೆಗೆ ನಿಮ್ಮದೇ ಮೇಜಿನ ಮೇಲಿನ ಯಾವುದೋ ಕಾಗದ ಸಿಗುತ್ತದೆ. ಬಹುಶಃ ಮುಂದಿನ ತಿಂಗಳಿಗೆ ಹಾಕಿದ ಬಿಡಿಭಾಗದ ಕೋರಿಕೆ. ಉಳಿದ ಎಂಟು ಪ್ರೆಸ್‌ಗಳ ಕೀಗಳನ್ನು ಬಿಚ್ಚಿ ನೋಡಿದ ಮೇಲೆಯೇ ಈ ತನಿಖೆ ಮುಗಿಯಿತೆಂದು ಬರೆಯಿರಿ. ಹುಡುಗ 48 ಗಂಟೆ ಅಥವಾ ಅದಕ್ಕೂ ಹೆಚ್ಚು ಕಾಲ ಕೆಲಸಕ್ಕೆ ಬರಲಾಗದಿದ್ದರೆ ಕಾರ್ಖಾನೆ, ಬಾಯ್ಲರುಗಳ ಇಲಾಖೆಗೆ ಸೂಚನೆ ಕೊಡಬೇಕಾದದ್ದು ಕಾನೂನು. ಅದನ್ನು ಕೊಟ್ಟಿದ್ದೀರೆಂದು ಭಾವಿಸುತ್ತೇನೆ.

ಪ್ರಶ್ನೆ: ನಾನು ಬೊಮ್ಮಸಂದ್ರದ ಕಾರ್ಖಾನೆಯಲ್ಲಿ ಆಪರೇಟರ್. ಯಂತ್ರದ ತುರ್ತು ನಿಲುಗಡೆ ಬಟನ್ ಕೆಲಸ ಮಾಡುತ್ತಿಲ್ಲವೆಂದು ಸೂಪರ್‌ವೈಸರ್‌ಗೆ ಮೂರು ಸಲ ಹೇಳಿದ್ದೇನೆ. ‘ಅಡ್ಜಸ್ಟ್ ಮಾಡ್ಕೊಂಡು ಓಡಿಸಮ್ಮ’ ಎನ್ನುತ್ತಾರೆ. ಓಡಿಸುವುದಿಲ್ಲ ಎನ್ನುವ ಹಕ್ಕು ನನಗಿದೆಯೇ?

ಉತ್ತರ: ಮೊದಲು ಒಂದು ವ್ಯಾವಹಾರಿಕ ಮಾತು. ನಾಲ್ಕನೆಯ ಸಲ ಬಾಯಲ್ಲಿ ಹೇಳಬೇಡಿ, ಬರೆದು ಕೊಡಿ. ದಿನಾಂಕ, ಯಂತ್ರದ ಸಂಖ್ಯೆ, ಏನು ಕೆಟ್ಟಿದೆ, ಹಿಂದೆ ಯಾವ ಯಾವ ದಿನ ಹೇಳಿದ್ದಿರಿ ಎಂಬ ನಾಲ್ಕು ಸಾಲು ಸಾಕು. ಅದರ ಫೋಟೊ ನಿಮ್ಮ ಬಳಿ ಇರಲಿ. ಬಾಯಿಮಾತು ಶಿಫ್ಟ್ ಮುಗಿದೊಡನೆ ಆವಿಯಾಗುತ್ತದೆ, ಕಾಗದಕ್ಕೆ ಯಾರಾದರೂ ಉತ್ತರ ಕೊಡಬೇಕಾಗುತ್ತದೆ.

ಕಾನೂನಿನ ಮಾತಿಗೆ ಬಂದರೆ, ಕಾರ್ಖಾನೆಗಳ ಕಾಯಿದೆಯ 111ಎ ಕಲಮು ಕೆಲಸಗಾರರಿಗೆ ತಮ್ಮ ಸುರಕ್ಷತೆಗೆ ಸಂಬಂಧಿಸಿದ ಮಾಹಿತಿ ಕೇಳುವ, ತರಬೇತಿ ಪಡೆಯುವ, ರಕ್ಷಣೆ ಸಾಲದಿದ್ದರೆ ಇನ್ಸ್‌ಪೆಕ್ಟರಿಗೆ ನೇರವಾಗಿ ಇಲ್ಲವೇ ಪ್ರತಿನಿಧಿಯ ಮೂಲಕ ಹೇಳಿಕೊಳ್ಳುವ ಹಕ್ಕನ್ನು ಕೊಟ್ಟಿತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ 2020ರ ಔದ್ಯೋಗಿಕ ಸುರಕ್ಷತಾ ಸಂಹಿತೆಯೂ, ಪ್ರಾಣಕ್ಕೆ ಅಥವಾ ಅಂಗಕ್ಕೆ ತಕ್ಷಣದ ಅಪಾಯವಿದೆ ಎಂಬ ಸಕಾರಣ ಶಂಕೆ ಇದ್ದಾಗ ಅದನ್ನು ಮಾಲೀಕರಿಗೂ ಅದೇ ಹೊತ್ತಿಗೆ ಇನ್ಸ್‌ಪೆಕ್ಟರಿಗೂ ತಿಳಿಸುವ ಹಕ್ಕನ್ನು ಹೇಳುತ್ತದೆ. ಮಾಲೀಕರು ಆ ಅಪಾಯ ನಿಜವೆಂದು ಕಂಡರೆ ಕೂಡಲೇ ಸರಿಪಡಿಸಬೇಕು. ಐಎಸ್‌ಒ 45001 ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋಗಿ, ಅಪಾಯದ ಜಾಗದಿಂದ ಕೆಲಸಗಾರರು ತಾವೇ ಹಿಂದೆ ಸರಿಯಬಹುದು, ಹಾಗೆ ಸರಿದವರ ಮೇಲೆ, ದೂರಿದವರ ಮೇಲೆ ಸೇಡು ತೀರಿಸಿಕೊಳ್ಳಬಾರದು ಎನ್ನುತ್ತದೆ. ನಿಮ್ಮ ಕಾರ್ಖಾನೆಯ ಸ್ವಾಗತ ಕೊಠಡಿಯಲ್ಲಿ ಆ ಪ್ರಮಾಣಪತ್ರ ತೂಗಾಡುತ್ತಿದೆ ಎಂದು ಬರೆದಿದ್ದೀರಿ. ಹಾಗಿದ್ದರೆ ಹೊರಗಿನ ಆಡಿಟರ್ ಬಂದ ದಿನ ಅವರು ಆಪರೇಟರ್‌ಗಳನ್ನು ಮಾತಾಡಿಸುವುದು ಕ್ರಮ. ನಿಮ್ಮ ಸರದಿ ಬಂದರೆ ಬರೆದುಕೊಟ್ಟ ಕಾಗದವನ್ನು ತೋರಿಸಿ.

‘ಅಡ್ಜಸ್ಟ್ ಮಾಡ್ಕೊಳ್ಳಿ’ ಎಂದ ಸೂಪರ್‌ವೈಸರ್ ಕೆಟ್ಟವರೇನೂ ಅಲ್ಲದಿರಬಹುದು. ಯಂತ್ರ ನಿಲ್ಲಿಸಿದರೆ ಉತ್ಪಾದನೆಯ ಲೆಕ್ಕ ಅವರ ತಲೆಗೆ ಬರುತ್ತದೆ, ಬಟನ್ ತರಿಸುವ ಅಧಿಕಾರ ಮಾತ್ರ ಅವರ ಕೈಯಲ್ಲಿಲ್ಲ. ಹೊಣೆಯನ್ನು ಒಬ್ಬರಿಗೆ ಕೊಟ್ಟು ಹಣದ ಚೀಲವನ್ನು ಇನ್ನೊಬ್ಬರ ಬಳಿ ಇಟ್ಟ ಕಡೆ ಈ ಮಾತು ತಾನಾಗಿ ಹುಟ್ಟುತ್ತದೆ.

ಪ್ರಶ್ನೆ: ಎಲ್ಲರಿಗೂ ಹೆಲ್ಮೆಟ್, ಶೂ, ಕೈಗವಸು ಕೊಟ್ಟಿದ್ದೇವೆ. ಇಷ್ಟು ಸಾಲದೇ? (ತುಮಕೂರು)

ಉತ್ತರ: ಸಾಲದು. ಅಪಾಯವನ್ನೇ ಇಲ್ಲವಾಗಿಸುವುದು, ಕಡಿಮೆ ಅಪಾಯದ್ದನ್ನು ಬಳಸುವುದು, ಯಂತ್ರಕ್ಕೆ ಗಾರ್ಡ್ ಹಾಕುವುದು, ಕೆಲಸದ ಕ್ರಮ ಬದಲಿಸುವುದು ಇವೆಲ್ಲ ಆದ ಮೇಲೆ ಉಳಿಯುವ ಅಪಾಯಕ್ಕೆ ಕೊನೆಯ ಉಪಾಯವೇ ಮೈಮೇಲೆ ತೊಡುವ ರಕ್ಷಣೆ. ಅದರಲ್ಲೂ ಡ್ರಿಲ್ಲಿಂಗ್ ಯಂತ್ರದ ಮುಂದೆ ನಿಲ್ಲುವವರಿಗೆ ಕೈಗವಸು ಕೊಟ್ಟಿದ್ದರೆ ಇಂದೇ ವಾಪಸು ಪಡೆಯಿರಿ. ತಿರುಗುವ ಡ್ರಿಲ್ಲಿಗೆ ಅದರ ಒಂದು ನೂಲು ಸಿಕ್ಕಿದರೆ ಕೈಯನ್ನೇ ಎಳೆದುಕೊಳ್ಳುತ್ತದೆ.

ಪ್ರಶ್ನೆ: ಹರಿಹರದ ಸಮೀಪದ ಘಟಕವೊಂದರಲ್ಲಿ ಹೊಸದಾಗಿ ಸುರಕ್ಷತಾ ಅಧಿಕಾರಿಯಾಗಿ ಸೇರಿದ್ದೇನೆ. ನಮ್ಮಲ್ಲಿ ‘ಕೂದಲೆಳೆಯಲ್ಲಿ ತಪ್ಪಿದ’ ಅವಘಡಗಳ ರಿಜಿಸ್ಟರ್ ಇದೆ, ಎರಡು ವರ್ಷದಿಂದ ಒಂದು ನಮೂದೂ ಇಲ್ಲ. ಮ್ಯಾನೇಜರ್ ಅದನ್ನು ಹೆಮ್ಮೆಯಿಂದ ತೋರಿಸುತ್ತಾರೆ. ನಾನೂ ಹೆಮ್ಮೆಪಡಬೇಕೇ?

ಉತ್ತರ: ನಾನಾಗಿದ್ದರೆ ಆ ರಾತ್ರಿ ನಿದ್ದೆ ಮಾಡುತ್ತಿರಲಿಲ್ಲ. 1931ರಲ್ಲಿ ಹೈನ್‌ರಿಕ್ ಎಂಬ ಅಮೆರಿಕದ ವಿಮಾ ಕಂಪನಿಯ ಅಧಿಕಾರಿ ಒಂದು ಲೆಕ್ಕ ಮುಂದಿಟ್ಟರು: ಒಂದು ಗಂಭೀರ ಗಾಯದ ಹಿಂದೆ 29 ಸಣ್ಣ ಗಾಯ, 300 ಗಾಯವಿಲ್ಲದ ಅವಘಡ. ಆ ಅನುಪಾತವನ್ನು ಗಣಿತದ ಸೂತ್ರದಂತೆ ಎಲ್ಲ ಉದ್ಯಮಕ್ಕೂ ಹಚ್ಚುವುದನ್ನು ತಜ್ಞರು ಈಚೆಗೆ ಒಪ್ಪುವುದಿಲ್ಲ, ನಾನೂ ಒಪ್ಪುವುದಿಲ್ಲ. ಆದರೂ ಎರಡು ವರ್ಷದಲ್ಲಿ ಒಂದು ಸ್ಪ್ಯಾನರ್ ಕೂಡ ಮೇಲಿನಿಂದ ಬೀಳದ ಕಾರ್ಖಾನೆ ಇರಲಾರದು. ಬಿದ್ದದ್ದನ್ನು ಬರೆಯುವವರಿಲ್ಲ, ಅಷ್ಟೇ.

ಏಕೆ ಬರೆಯುವುದಿಲ್ಲವೆಂಬುದಕ್ಕೆ ನನ್ನದೇ ಅನುಭವ ಹೇಳುತ್ತೇನೆ. ಬಹಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಕಡೆ ಕ್ಯಾಂಟೀನ್ ಬಾಗಿಲಿಗೆ ಇಂಥದೊಂದು ರಿಜಿಸ್ಟರ್ ತೂಗುಹಾಕಿ, ದಾರ ಕಟ್ಟಿದ ಪೆನ್ನು ಇಟ್ಟೆವು. ಮೊದಲ ವಾರ ಕ್ರೇನ್ ಆಪರೇಟರ್ ಒಬ್ಬರು, ಸ್ಲಿಂಗಿನ ಎಳೆಗಳು ಕಿತ್ತಿವೆ, ಭಾರ ಎತ್ತುವಾಗ ಒಂದು ಎಳೆ ಟಪ್ಪೆಂದು ಹರಿಯಿತು ಎಂದು ಬರೆದರು. ಮರುದಿನವೇ ಅವರಿಗೆ ಮೆಮೊ ಹೋಯಿತು: ‘ಹರಿದ ಸ್ಲಿಂಗ್ ಎಂದು ತಿಳಿದೂ ಏಕೆ ಬಳಸಿದಿರಿ?’ ಅದಾದ ಮೇಲೆ ಆ ಪೆನ್ನಿನ ಶಾಯಿ ಖರ್ಚಾಗಲೇ ಇಲ್ಲ. ಮೆಮೊಗೆ ಸಹಿ ಹಾಕಿದವರಲ್ಲಿ ನಾನೂ ಒಬ್ಬ. ಮುಂದೆ ರಿಜಿಸ್ಟರ್ ಬಿಟ್ಟು ದೊಡ್ಡದೊಂದು ಬೋರ್ಡ್ ಹಾಕಿ, ಬಂದ ಪ್ರತಿ ಮಾತಿನ ಎದುರು ಸರಿಪಡಿಸಬೇಕಾದವರ ಹೆಸರು ಮತ್ತು ದಿನಾಂಕ ಬರೆಯತೊಡಗಿದೆವು. ಮೊದಲು ಬಂದ ದೂರು ಫೋರ್ಕ್‌ಲಿಫ್ಟ್ ತಿರುಗುವ ಮೂಲೆಯಲ್ಲಿ ಎದುರು ಬರುವವರು ಕಾಣುವುದಿಲ್ಲವೆಂಬುದು; ನಾಲ್ಕನೇ ದಿನ ಅಲ್ಲಿ ಉಬ್ಬುಗನ್ನಡಿ ಬಂತು. ಕನ್ನಡಿ ಬಂದ ವಾರ ಬೋರ್ಡ್ ತುಂಬಿತು.

ಇನ್ನೊಂದು ಎಚ್ಚರ. ಸಣ್ಣ ಗಾಯಗಳ ಎಣಿಕೆ ಇಳಿದರೆ ದೊಡ್ಡ ದುರಂತದ ಸಾಧ್ಯತೆಯೂ ಇಳಿಯಿತೆಂದು ತಿಳಿಯಬಾರದು. 2005ರ ಮಾರ್ಚ್ 23ರಂದು ಅಮೆರಿಕದ ಟೆಕ್ಸಾಸ್ ಸಿಟಿಯ ಬಿಪಿ ತೈಲ ಸಂಸ್ಕರಣಾಗಾರದಲ್ಲಿ ಗೋಪುರವೊಂದು ತುಂಬಿ ಚೆಲ್ಲಿ ಸ್ಫೋಟವಾಗಿ 15 ಮಂದಿ ಸತ್ತರು. ಮಟ್ಟ ತೋರಿಸುವ ಮಾಪಕ ತಪ್ಪು ತೋರಿಸುತ್ತಿತ್ತು, ಎಚ್ಚರಿಕೆಯ ಗಂಟೆಗಳಲ್ಲಿ ಒಂದು ಬಾರಿಸಲಿಲ್ಲ. ಗಾಯಗಳ ಎಣಿಕೆಯನ್ನೇ ಸುರಕ್ಷತೆಯ ಅಳತೆಗೋಲೆಂದು ಆಡಳಿತ ನಂಬಿಕೊಂಡಿತ್ತೆಂದು 2007ರಲ್ಲಿ ವರದಿ ಕೊಟ್ಟ ಸ್ವತಂತ್ರ ಸಮಿತಿ ಹೇಳಿತು. ಆದ್ದರಿಂದ ನಿಮ್ಮ ಮಾಸಿಕ ವರದಿಯಲ್ಲಿ ಗಾಯಗಳ ಸಂಖ್ಯೆಯ ಪಕ್ಕದಲ್ಲೇ, ಅವಧಿ ಮೀರಿದರೂ ಪರೀಕ್ಷೆಯಾಗದ ಸೇಫ್ಟಿ ವಾಲ್ವ್‌ಗಳೆಷ್ಟು, ಬೈಪಾಸ್ ಮಾಡಿಟ್ಟ ಅಲಾರಂಗಳೆಷ್ಟು ಎಂಬುದನ್ನೂ ಬರೆಯಿರಿ. ಮ್ಯಾನೇಜರಿಗೆ ಇಷ್ಟವಾಗದಿರಬಹುದು.

ಪ್ರಶ್ನೆ: ಕರಾವಳಿಯ ಮೀನು ಸಂಸ್ಕರಣಾ ಘಟಕದಲ್ಲಿ ಸೂಪರ್‌ವೈಸರ್ ಆಗಿದ್ದೇನೆ. ತ್ಯಾಜ್ಯ ನೀರಿನ ತೊಟ್ಟಿ ಶುಚಿ ಮಾಡಲು ಗುತ್ತಿಗೆಯವರು ಬರುತ್ತಾರೆ. ಅವರ ಸುರಕ್ಷತೆ ಗುತ್ತಿಗೆದಾರರ ಹೊಣೆ ಎಂದು ಒಪ್ಪಂದದಲ್ಲಿ ಬರೆಸಿಕೊಂಡಿದ್ದೇವೆ. ನಾವು ಮಾಡಬೇಕಾದದ್ದು ಇನ್ನೇನಾದರೂ ಇದೆಯೇ?

ಉತ್ತರ: ತೊಟ್ಟಿ ನಿಮ್ಮದು, ಅದರೊಳಗಿನ ಅನಿಲವೂ ನಿಮ್ಮದೇ, ಒಪ್ಪಂದದ ಕಾಗದದಿಂದ ಅದು ಗುತ್ತಿಗೆದಾರರಿಗೆ ವರ್ಗವಾಗುವುದಿಲ್ಲ. 2022ರ ಏಪ್ರಿಲ್‌ನಲ್ಲಿ ಮಂಗಳೂರಿನ ವಿಶೇಷ ಆರ್ಥಿಕ ವಲಯದ ಮೀನು ಸಂಸ್ಕರಣಾ ಘಟಕವೊಂದರ ತ್ಯಾಜ್ಯ ತೊಟ್ಟಿಯಲ್ಲಿ ಪಶ್ಚಿಮ ಬಂಗಾಳದಿಂದ ಬಂದ ಐವರು ಕಾರ್ಮಿಕರು ಸತ್ತದ್ದು ನಿಮಗೆ ನೆನಪಿರಬೇಕು. ಮೊದಲು ಒಬ್ಬ ಕುಸಿದ. ಉಳಿದವರು ಅವನನ್ನು ಎತ್ತಲು ಇಳಿದವರು. ಇಂಥ ಸಾವುಗಳು ಒಂಟಿಯಾಗಿ ಬರುವುದು ಕಡಿಮೆ, ಏಕೆಂದರೆ ಜೊತೆಗಾರ ಬಿದ್ದದ್ದನ್ನು ನೋಡಿ ಮೇಲೆ ನಿಲ್ಲಲು ಮನುಷ್ಯನಿಗೆ ಆಗುವುದಿಲ್ಲ. ಹಾಗಾಗಿ ಇಳಿಯಬೇಡ ಎಂಬ ಬೋಧನೆ ಸಾಲದು. ಇಳಿಯದೆ ಎತ್ತುವ ಸಾಧನ ಮೇಲೆ ಸಿದ್ಧವಿರಬೇಕು.

ಗಾಳಿಯಾಡದ ತೊಟ್ಟಿಯಲ್ಲಿ ಮೀನಿನ ತ್ಯಾಜ್ಯ ಕೊಳೆತಾಗ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದು ಗಾಳಿಗಿಂತ ಭಾರ, ತಳದಲ್ಲಿ ಕೂರುತ್ತದೆ. ಮೇಲಿನಿಂದ ಶಾಂತವಾಗಿ ಕಾಣುವ ಕೆಸರನ್ನು ಕಾಲಿನಿಂದ ಕಲಕಿದೊಡನೆ ಗುಳ್ಳೆಗಳಾಗಿ ಏಳುತ್ತದೆ. ಕೊಳೆತ ಮೊಟ್ಟೆಯ ವಾಸನೆ ಬಂದರೆ ಅಪಾಯ, ಹೋದರೆ ನಿರಾಳ ಎಂದು ಹಲವರು ತಿಳಿದಿದ್ದಾರೆ. ನಿಜ ಅದಕ್ಕೆ ತದ್ವಿರುದ್ಧ: ಪ್ರಮಾಣ ಸುಮಾರು 100 ಪಿಪಿಎಂ (ಗಾಳಿಯ ಹತ್ತು ಲಕ್ಷ ಭಾಗದಲ್ಲಿ 100 ಭಾಗ) ದಾಟಿದರೆ ಮೂಗು ಸೋತು ವಾಸನೆಯೇ ತಿಳಿಯದಾಗುತ್ತದೆ. ಮುಖಕ್ಕೆ ಕಟ್ಟುವ ಬಟ್ಟೆಯಾಗಲಿ ಧೂಳಿನ ಮಾಸ್ಕ್ ಆಗಲಿ ಈ ಅನಿಲವನ್ನು ತಡೆಯುವುದಿಲ್ಲ.

ಮೊದಲ ಪ್ರಶ್ನೆ, ಒಳಗೆ ಇಳಿಯಲೇಬೇಕೇ? ಜೆಟ್ಟಿಂಗ್ ಮತ್ತು ಸಕ್ಷನ್ ಯಂತ್ರದಿಂದ ಹೊರಗಿನಿಂದಲೇ ಶುಚಿ ಮಾಡಬಹುದಾದರೆ ಮಾತು ಮುಗಿಯಿತು. ಇಳಿಯುವುದು ಅನಿವಾರ್ಯವಾದರೆ ತೊಟ್ಟಿಗೆ ಬರುವ ಪೈಪುಗಳನ್ನೆಲ್ಲ ಬಂದ್ ಮಾಡಿ, ಬ್ಲೋವರ್‌ನಿಂದ ತಳದವರೆಗೆ ಗಾಳಿ ಹಾಯಿಸಿ, ಅನಿಲ ಅಳೆಯುವ ಮೀಟರನ್ನು ಹಗ್ಗಕ್ಕೆ ಕಟ್ಟಿ ಇಳಿಸಿ ಮೇಲೆ, ನಡುವೆ, ತಳದಲ್ಲಿ ಮೂರು ಕಡೆ ಅಳೆಯಬೇಕು. ಆಮ್ಲಜನಕ 19.5 ಶೇಕಡಕ್ಕಿಂತ ಕಡಿಮೆ ಇರಬಾರದು, 23.5ಕ್ಕಿಂತ ಹೆಚ್ಚೂ ಇರಬಾರದು. ಸಿಲಿಂಡರ್‌ನಿಂದ ಶುದ್ಧ ಆಮ್ಲಜನಕ ಬಿಡುವ ಜಾಣತನವನ್ನು ಯಾರಾದರೂ ತೋರಿಸಿದರೆ ತಡೆಯಿರಿ, ಒಂದು ಕಿಡಿ ಸಾಕು ಬೆಂಕಿಗೆ. ಹೈಡ್ರೋಜನ್ ಸಲ್ಫೈಡ್ 10 ಪಿಪಿಎಂ ಮುಟ್ಟಿದರೆ ಇಳಿಯುವ ಮಾತಿಲ್ಲ. ಅಳತೆಗಳನ್ನು ಪರ್ಮಿಟ್ ಎಂಬ ಅನುಮತಿಪತ್ರದಲ್ಲಿ ಬರೆದು, ಅಳೆದವರೂ ಅನುಮತಿ ಕೊಟ್ಟವರೂ ಸಹಿ ಹಾಕಿ, ಅದು ಆ ಶಿಫ್ಟಿಗೆ ಮಾತ್ರ ಎಂದು ನಮೂದಿಸಬೇಕು. ಮಧ್ಯಾಹ್ನ ಊಟ ಮಾಡಿ ಬಂದ ಮೇಲೆ ಮತ್ತೆ ಅಳೆಯಬೇಕು. ಇಳಿಯುವವರ ಮೈಗೆ ಪೂರ್ಣ ಹಾರ್ನೆಸ್, ಅದರ ಹಗ್ಗ ತೊಟ್ಟಿಯ ಬಾಯಿಯ ಮೇಲಿನ ಮುಕ್ಕಾಲಿಯ ವಿಂಚಿಗೆ (ಹಗ್ಗ ಸುತ್ತಿ ಎತ್ತುವ ರಾಟೆಗೆ). ಮೇಲೆ ಒಬ್ಬ ಕಾವಲುಗಾರ. ಏನೇ ಆದರೂ ಆತ ಇಳಿಯಕೂಡದು, ವಿಂಚ್ ತಿರುಗಿಸಬೇಕು, ಕೂಗಬೇಕು.

ಕಾರ್ಖಾನೆಗಳ ಕಾಯಿದೆಯ 36ನೇ ಕಲಮಿನಲ್ಲಿ ಇದರ ತಿರುಳು 1948ರಿಂದಲೂ ಇತ್ತು: ಅರ್ಹರು ಪರೀಕ್ಷಿಸಿ ಬರೆದುಕೊಡಬೇಕು, ಇಲ್ಲವೇ ಉಸಿರಾಟದ ಸಾಧನ ತೊಟ್ಟು, ಸೊಂಟದ ಪಟ್ಟಿಗೆ ಕಟ್ಟಿದ ಹಗ್ಗದ ತುದಿ ಹೊರಗಿನವರ ಕೈಯಲ್ಲಿರಬೇಕು ಎಂದು. ಗುತ್ತಿಗೆಯವರು ಮುಕ್ಕಾಲಿ ತರುವುದಿಲ್ಲ, ಮೀಟರೂ ತರುವುದಿಲ್ಲ. ಅವರು ತರುವುದು ಬಕೆಟ್ ಮತ್ತು ಏಣಿ. ಆ ಸಲಕರಣೆ ನಿಮ್ಮ ಸ್ಟೋರಿನಲ್ಲಿ ಇರಲಿ, ಅದಿಲ್ಲದೆ ಮುಚ್ಚಳ ತೆರೆಯುವುದಿಲ್ಲ ಎನ್ನುವ ಅಧಿಕಾರ ನಿಮಗೆ ಲಿಖಿತವಾಗಿ ಇರಲಿ. ಪರ್ಮಿಟ್ ಬಂಗಾಳಿಯವರಿಗೆ ಬಂಗಾಳಿಯಲ್ಲಿ ಓದಿ ಹೇಳುವವರು ಬೇಕೆಂಬುದನ್ನೂ ಮರೆಯಬೇಡಿ.

ಪ್ರಶ್ನೆ: ಎಷ್ಟು ಜನರಿದ್ದರೆ ಸುರಕ್ಷತಾ ಅಧಿಕಾರಿ ಕಡ್ಡಾಯ? (ಬೆಳಗಾವಿ)

ಉತ್ತರ: 1948ರ ಕಾಯಿದೆಯಲ್ಲಿ 1,000 ಕಾರ್ಮಿಕರ ಮಿತಿ ಇತ್ತು, 2020ರ ಸಂಹಿತೆ ಅದನ್ನು ಕಾರ್ಖಾನೆಗಳಿಗೆ 500ಕ್ಕೂ ಅಪಾಯಕಾರಿ ಪ್ರಕ್ರಿಯೆಯ ಕಾರ್ಖಾನೆಗಳಿಗೆ 250ಕ್ಕೂ ಇಳಿಸಿದೆ. ಅದಕ್ಕಿಂತ ಕಡಿಮೆ ಇದ್ದವರಿಗೆ ಹುದ್ದೆ ಕಡ್ಡಾಯವಿಲ್ಲ, ಹೊಣೆ ಕಡ್ಡಾಯ.

ಪ್ರಶ್ನೆ: ನಾನು ವಿದ್ಯುತ್ ಇಲಾಖೆಯಲ್ಲಿ ಲೈನ್‌ಮ್ಯಾನ್ ಆಗಿ ನಿವೃತ್ತನಾದವನು. ಈಗ ಮಗ ಕೆಲಸ ಮಾಡುವ ಕಾರ್ಖಾನೆಯಲ್ಲಿ ‘ಲಾಕ್ ಮತ್ತು ಟ್ಯಾಗ್’ ಎಂದು ಹೊಸದಾಗಿ ಕಲಿಸುತ್ತಿದ್ದಾರಂತೆ. ನಮ್ಮ ಕಾಲದ ‘ಲೈನ್ ಕ್ಲಿಯರ್’, ಅಂದರೆ ಎಲ್.ಸಿ.ಯೇ ಅಲ್ಲವೇ ಇದು?

ಉತ್ತರ: ಅದೇ, ಯಜಮಾನರೇ. ಕಂಬ ಹತ್ತುವ ಮೊದಲು ಸಬ್‌ಸ್ಟೇಷನ್‌ನಿಂದ ಲೈನ್ ಕ್ಲಿಯರ್ (ವಿದ್ಯುತ್ ನಿಲ್ಲಿಸಿದೆ, ಕೆಲಸ ಮಾಡಬಹುದು ಎಂಬ ಅನುಮತಿ) ಪಡೆದು, ಲೈನಿಗೆ ಅರ್ಥಿಂಗ್ ರಾಡ್ ಹಾಕಿ, ಕೆಲಸ ಮುಗಿದ ಮೇಲೆ ಎಲ್.ಸಿ. ಪಡೆದವರೇ ಅದನ್ನು ವಾಪಸು ಕೊಡುವವರೆಗೆ ಯಾರೂ ಲೈನ್ ಚಾರ್ಜ್ ಮಾಡಬಾರದೆಂಬ ಶಿಸ್ತು ತಮ್ಮದು. ಟ್ರಾನ್ಸ್‌ಫಾರ್ಮರಿನ ಫ್ಯೂಸ್ ಕ್ಯಾರಿಯರ್ ಕಿತ್ತು ಜೇಬಿನಲ್ಲಿಟ್ಟುಕೊಂಡು ಕೆಲಸ ಮಾಡುತ್ತಿದ್ದ ಹಿರಿಯರನ್ನು ನಾನೂ ಕಂಡಿದ್ದೇನೆ. ಲಾಕ್‌ನ ತತ್ವವೇ ಅದು: ಯಾರ ಜೀವ ಒಳಗಿದೆಯೋ ಕೀಲಿ ಅವರ ಜೇಬಿನಲ್ಲಿ. ನಾಲ್ವರು ಕೆಲಸ ಮಾಡುತ್ತಿದ್ದರೆ ಸ್ವಿಚ್ಚಿಗೆ ನಾಲ್ಕು ಬೀಗ. ಕೊನೆಯವರು ತೆಗೆಯುವವರೆಗೆ ಯಂತ್ರ ಏಳುವುದಿಲ್ಲ.

ಕಾರ್ಖಾನೆಯಲ್ಲಿ ಇದು ಜಾರುವುದು ಸಾಮಾನ್ಯವಾಗಿ ಶಿಫ್ಟ್ ಬದಲಾಗುವಾಗ. 1988ರ ಜುಲೈ 6ರಂದು ಉತ್ತರ ಸಮುದ್ರದ ಪೈಪರ್ ಆಲ್ಫಾ ತೈಲ ವೇದಿಕೆಯಲ್ಲಿ ಒಂದು ಪಂಪಿನ ಸುರಕ್ಷತಾ ವಾಲ್ವನ್ನು ಹಗಲಿನವರು ದುರಸ್ತಿಗೆ ಬಿಚ್ಚಿದ್ದರು. ಸಂಜೆಯೊಳಗೆ ಕೆಲಸ ಮುಗಿಯದೆ ಬಾಯಿಗೆ ಬರಿಯ ಮುಚ್ಚಳ ಹಾಕಿದ್ದರು. ಅದರ ಪರ್ಮಿಟ್ ಇತ್ತು, ರಾತ್ರಿ ಪಾಳಿಯವರ ಕಣ್ಣಿಗೆ ಬೀಳಲಿಲ್ಲ. ಇನ್ನೊಂದು ಪಂಪು ಕೈಕೊಟ್ಟಾಗ ಅವರು ಇದನ್ನು ಚಾಲೂ ಮಾಡಿದರು. ಅನಿಲ ಸೋರಿ ಸ್ಫೋಟವಾಗಿ 167 ಮಂದಿ ಸತ್ತರು. ಎಲ್.ಸಿ. ಪಡೆದವರು ಮನೆಗೆ ಹೋಗುವ ಮೊದಲು ಮುಂದಿನವರಿಗೆ ಅದನ್ನು ಕೈಯಿಂದ ಕೈಗೆ ಒಪ್ಪಿಸುವ ತಮ್ಮ ಪದ್ಧತಿಯನ್ನು ಮಗನಿಗೆ ಹೇಳಿಕೊಡಿ.

ಜೊತೆಗೆ ಒಂದು ವಿಷಯ ವಿಚಾರಿಸಲು ಹೇಳಿ: ಆ ಬೀಗಗಳಿಗೆಲ್ಲ ಇನ್ನೊಂದು ಕೀಲಿ ಇದೆಯೇ, ಇದ್ದರೆ ಎಲ್ಲಿದೆ ಎಂದು. ಹಲವು ಕಡೆ ಅದು ಸೂಪರ್‌ವೈಸರ್ ಮೇಜಿನ ಮೇಲಿನ ಡ್ರಾಯರ್‌ನಲ್ಲಿ ಇರುತ್ತದೆ, ಡ್ರಾಯರ್‌ಗೆ ಬೀಗ ಇರುವುದಿಲ್ಲ.